ಯೆರೆಮೀಯ: ಪ್ರಭುತ್ವ ಮತ್ತು ಪ್ರವಾದಿ

ಅರಸನ ಅಧಿಕಾರದ ಮೂಲ ಯಾವುದು, ಅದರ ಮಿತಿ ಯಾವುದು ಎಂಬ ಪ್ರಶ್ನೆಗಳು ಹೀಬ್ರೂ ಪ್ರವಾದಿ ಸಾಹಿತ್ಯದ ಕೇಂದ್ರದಲ್ಲಿವೆ. ಈ ಪ್ರಶ್ನೆಗಳನ್ನು ತನ್ನ ಬದುಕಿನಲ್ಲಿಯೇ ಎದುರಿಸಬೇಕಾಗಿ ಬಂದವನು ಯೆರೆಮೀಯ. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಅವನ ಹೆಸರಿನಲ್ಲಿರುವ ಗ್ರಂಥವೇ ಅವನ ಜೀವನಕ್ಕೆ ಮುಖ್ಯ ಆಕರ.

ಯೆರೂಸಲೇಮಿಗೆ ಸಮೀಪದ ಅನಾತೋತಿನ ಯಾಜಕ ಮನೆತನವೊಂದರಲ್ಲಿ ಅವನು ಹುಟ್ಟಿದನು. ತಂದೆ ಹಿಲ್ಕೀಯ. ಯೋಷೀಯನ ಆಳ್ವಿಕೆಯ 13ನೆಯ ವರ್ಷ, ಎಂದರೆ ಕ್ರಿ.ಪೂ. 627ರ ಸುಮಾರಿಗೆ, ಅವನಿಗೆ ದೈವದ ಕರೆ ಬಂದಿತೆಂದು ಗ್ರಂಥ ಹೇಳುತ್ತದೆ. ತಾನಿನ್ನೂ ಎಳೆಯನು, ಮಾತು ಬಲ್ಲವನಲ್ಲ ಎಂದು ಅವನು ಹಿಂಜರಿದನು. ಆದರೆ ಅವನಿಗೆ ಒಪ್ಪಿಸಲಾದ ಹೊಣೆ ಯೆಹೂದಕ್ಕಷ್ಟೇ ಸೀಮಿತವಾಗಿರದೆ ಸುತ್ತಣ ರಾಜ್ಯಗಳ ಏಳುಬೀಳುಗಳನ್ನೂ ಒಳಗೊಂಡಿತ್ತು.

ಕ್ರಿ.ಪೂ. 609ರಲ್ಲಿ ಯೋಷೀಯನು ಮೆಗಿದ್ದೋವಿನಲ್ಲಿ ಐಗುಪ್ತದ ಅರಸ ನೆಕೋವಿನಿಂದ ಹತನಾದನು. ಅನಂತರ ಪಟ್ಟಕ್ಕೆ ಬಂದ ಯೆಹೋಯಾಕೀಮನು ಕೂಲಿ ಕೊಡದೆ ಜನರನ್ನು ದುಡಿಸಿ ಅರಮನೆ ಕಟ್ಟಿಸಿದಾಗ ಯೆರೆಮೀಯನು ಅವನನ್ನು ಬಹಿರಂಗವಾಗಿ ಖಂಡಿಸಿದನು. ಬಡವರಿಗೆ ನ್ಯಾಯ ದೊರಕಿಸುವುದೇ ದೇವರನ್ನು ಅರಿಯುವುದೆಂಬುದು ಅವನ ನಿಲುವು. ಲಿಪಿಕಾರ ಬಾರೂಕನಿಂದ ಬರೆಯಿಸಿದ ಅವನ ಪ್ರವಾದನೆಗಳ ಸುರುಳಿಯನ್ನು ಅರಸನ ಮುಂದೆ ಓದಲಾಯಿತು. ಮೂರು ನಾಲ್ಕು ಅಂಕಣಗಳನ್ನು ಓದಿದಂತೆಲ್ಲ ಅರಸನು ಅಷ್ಟನ್ನು ಕತ್ತರಿಸಿ ಅಗ್ಗಿಷ್ಟಿಕೆಗೆ ಎಸೆದನು. ಯೆರೆಮೀಯನು ಅದನ್ನು ಮತ್ತೆ ಬರೆಯಿಸಿದನು. ಹೊಸ ಸುರುಳಿ ಮೊದಲಿನದಕ್ಕಿಂತ ದೊಡ್ಡದಾಯಿತು.

ಕ್ರಿ.ಪೂ. 597ರಲ್ಲಿ ಬಾಬೆಲಿನ ನೆಬೂಕದ್ನೆಚ್ಚರನು ಯೆರೂಸಲೇಮನ್ನು ವಶಪಡಿಸಿಕೊಂಡು ಚಿದ್ಕೀಯನನ್ನು ಪಟ್ಟಕ್ಕೇರಿಸಿದನು. ನೆರೆರಾಜ್ಯಗಳ ದೂತರು ಯೆರೂಸಲೇಮಿನಲ್ಲಿ ಸೇರಿದಾಗ ಯೆರೆಮೀಯನು ಕೊರಳಿಗೆ ನೊಗ ಹೊತ್ತು ಬಂದು, ಬಾಬೆಲಿಗೆ ತಲೆಬಾಗುವುದೇ ದೈವಸಂಕಲ್ಪವೆಂದು ಸಾರಿದನು. ಹನನ್ಯನೆಂಬ ಮತ್ತೊಬ್ಬ ಪ್ರವಾದಿ ಎರಡೇ ವರ್ಷಗಳಲ್ಲಿ ಬಿಡುಗಡೆಯೆಂದು ಘೋಷಿಸಿ ಆ ನೊಗವನ್ನು ಮುರಿದನು. ಜನರಿಗೆ ಹಿತವಾಗಿದ್ದುದು ಹನನ್ಯನ ಮಾತು.

ಯೆರೆಮೀಯನು ಶತ್ರುರಾಜನನ್ನು ಯೆಹೋವನ ಸೇವಕನೆಂದೇ ಕರೆದುದು ಇಲ್ಲಿ ಗಮನಾರ್ಹ. ಹೀಬ್ರೂ ಪಾಠದಲ್ಲಿರುವ ಈ ಬಿರುದು ಪ್ರಾಚೀನ ಗ್ರೀಕ್ ಅನುವಾದದಲ್ಲಿ ಕಾಣಿಸುವುದಿಲ್ಲ. ಇದು ಪಾಠಾಂತರದ ಪ್ರಶ್ನೆಯಾದರೂ, ಆ ಮಾತಿನ ತೀಕ್ಷ್ಣತೆಯನ್ನೂ ಸೂಚಿಸುತ್ತದೆ.

ಚಿದ್ಕೀಯನು ದಂಗೆಯೆದ್ದಾಗ ಬಾಬೆಲಿನ ಸೈನ್ಯ ಮತ್ತೆ ಮುತ್ತಿಗೆ ಹಾಕಿತು. ಶರಣಾಗುವಂತೆ ಹೇಳುತ್ತಿದ್ದ ಯೆರೆಮೀಯನು ದ್ರೋಹಿಯೆನಿಸಿದನು. ಅಧಿಕಾರಿಗಳು ಅವನನ್ನು ಕೆಸರು ತುಂಬಿದ ಬಾವಿಗೆ ಇಳಿಬಿಟ್ಟರು. ಅರಮನೆಯ ಸೇವಕ, ಕೂಷ್ ದೇಶದ ಎಬೆದ್ಮೆಲೆಕನು ಕಂಕುಳಿಗೆ ಹಗ್ಗ ಒತ್ತದಂತೆ ಹಳೆಯ ಬಟ್ಟೆಗಳನ್ನು ಕೊಟ್ಟು ಅವನನ್ನು ಮೇಲೆತ್ತಿಸಿದನು. ಆ ಮುತ್ತಿಗೆಯ ನಡುವೆಯೇ, ಸೆರೆಯಲ್ಲಿದ್ದಾಗ, ಯೆರೆಮೀಯನು ಅನಾತೋತಿನ ಹೊಲವೊಂದನ್ನು 17 ಶೆಕೆಲ್ ಬೆಳ್ಳಿಗೆ ಕೊಂಡು ಕ್ರಯಪತ್ರಗಳನ್ನು ಮಣ್ಣಿನ ಪಾತ್ರೆಯಲ್ಲಿ ಇರಿಸಿದನು. ಕಳೆದುಹೋಗಲಿರುವ ನೆಲದಲ್ಲಿ ಜನರು ಮತ್ತೆ ಬದುಕುವರೆಂಬುದಕ್ಕೆ ಆ ಕ್ರಯ ಸಾಕ್ಷಿಯಾಗಿತ್ತು.

ಕ್ರಿ.ಪೂ. 587 ಅಥವಾ 586ರಲ್ಲಿ ನಗರ ಬಿದ್ದಿತು, ದೇವಾಲಯ ಸುಟ್ಟುಹೋಯಿತು. ಬಾಬೆಲಿಗೆ ಹೋಗುವ ಅವಕಾಶವಿದ್ದರೂ ಯೆರೆಮೀಯನು ಅಳಿದುಳಿದ ಜನರೊಂದಿಗೇ ನಿಂತನು. ಅಧಿಪತಿ ಗೆದಲ್ಯನ ಕೊಲೆಯಾದ ಮೇಲೆ ಆ ಜನರು, ಅವನ ಮಾತನ್ನು ಮೀರಿ, ಅವನನ್ನೂ ಐಗುಪ್ತಕ್ಕೆ ಕರೆದೊಯ್ದರು. ಅವನ ಸಾವಿನ ಬಗೆಗೆ ಗ್ರಂಥ ಮೌನವಾಗಿದೆ.

ದೈವವೇ ಅರಸರನ್ನು ನಿಲ್ಲಿಸುತ್ತದೆ ಎಂಬ ನಂಬಿಕೆ ಗೆದ್ದವನ ಸಮರ್ಥನೆಯಾಗಿ ಬಿಡುವ ಅಪಾಯವಿದೆ. ಯೆರೆಮೀಯನ ಗ್ರಂಥ ಅದಕ್ಕೆ ಎಡೆಗೊಡುವುದಿಲ್ಲ. ಸೇವಕನೆನಿಸಿದ ಅರಸನ ನಾಡಿಗೂ ಅಲ್ಲಿ 70 ವರ್ಷಗಳ ಗಡುವಿದೆ, ಬಳಿಕ ದಂಡನೆಯಿದೆ. ಕ್ರಿ.ಪೂ. 539ರಲ್ಲಿ ಬಾಬೆಲ್ ಪರ್ಷಿಯದ ಕೋರೆಷನ ವಶವಾಯಿತು. ಸ್ವಂತ ಅರಸನ ಅರಮನೆಗೂ ಪರಚಕ್ರವರ್ತಿಯ ಸಿಂಹಾಸನಕ್ಕೂ ಒಂದೇ ಅಳತೆಗೋಲನ್ನು ಹಿಡಿದುದರಿಂದಲೇ ಯೆರೆಮೀಯನು ತನ್ನವರಿಗೆ ಪರಕೀಯನಾದನು. ಅವನ ಮಾತಿನ ನೈತಿಕ ಬಲವಿರುವುದೂ ಅಲ್ಲಿಯೇ.