ಲೀಕ್ ಆಗೋ ಪೆಟ್ಟಿಗೆ ಮತ್ತು ರಾಬರ್ಟ್ ಬಾಯ್ಲ್

ಹೋದ ಸೆಮಿಸ್ಟರ್‌ನಲ್ಲಿ ನಾವು ನಾಲ್ಕು ಜನ ಸೇರಿ ಕ್ಲಬ್ ರೂಮಿನ ಹಳೇ ಸ್ಪೀಕರ್ ಬಿಚ್ಚಿದ್ವಿ. ವೂಫರ್‌ನ ವೈರ್ ಬಿಟ್ಟುಹೋಗಿತ್ತು. ಸೋಲ್ಡರ್ ಮಾಡಿದ್ವಿ, ಸ್ಕ್ರೂ ಬಿಗಿ ಮಾಡಿದ್ವಿ, ಹಾಡು ಹಾಕಿದ್ವಿ. ಸೌಂಡ್ ಬಂತು, ಆದರೆ ಬೇಸ್ ಮಾಯ! ಜೊತೆಗೆ ಅಂಚಿನಿಂದ ಫುಸ್ ಫುಸ್ ಅಂತ ಗಾಳಿ. ತಪ್ಪು ನಮ್ದೇ. ಬಿಚ್ಚುವಾಗ ಹರಿದ ಗ್ಯಾಸ್ಕೆಟ್ಟನ್ನೇ ವಾಪಸ್ ಕೂರಿಸಿದ್ವಿ.

ಅದು ಸೀಲ್ಡ್ ಬಾಕ್ಸ್ ಸ್ಪೀಕರ್, ಅಂದರೆ ಎಲ್ಲೂ ತೂತಿಲ್ಲದ ಪೆಟ್ಟಿಗೆ. ಕೋನ್ ಒಳಗೆ ಹೋದಾಗ ಒಳಗಿನ ಗಾಳಿ ಅದುಮಿಕೊಂಡು ಅದನ್ನು ಹೊರಗೆ ತಳ್ಳುತ್ತೆ. ಕೋನ್ ಹೊರಗೆ ಬಂದಾಗ ಒಳಗಿನ ಒತ್ತಡ ಕಡಿಮೆಯಾಗಿ, ಹೊರಗಿನ ಗಾಳಿ ಅದನ್ನು ಒಳಕ್ಕೆ ತಳ್ಳುತ್ತೆ. ಇಲ್ಲಿ ಗಾಳಿಯೇ ಸ್ಪ್ರಿಂಗ್. ಲೀಕ್ ಇದ್ದರೆ ಸ್ಪ್ರಿಂಗ್ ಸಡಿಲ. ಗಾಳಿಯ ಈ ಗುಣದ ಬಗ್ಗೆ ಪುಸ್ತಕವನ್ನೇ ಬರೆದವನ ಹೆಸರು ನಮಗೆಲ್ಲ ಪಿಯುಸಿಯಿಂದಲೇ ಗೊತ್ತು: ರಾಬರ್ಟ್ ಬಾಯ್ಲ್. ಪಿ ಇಂಟು ವಿ ಸ್ಥಿರ ಅಂತ ಬರೆದು ಮಾರ್ಕ್ಸ್ ತಗೊಂಡು ನಾವು ಆತನನ್ನು ಮರೆತಿದ್ವಿ. ಆ ನಿಯಮದ ಹಿಂದೆಯೂ ಲೀಕ್ ಜೊತೆ ಒಂದು ಗುದ್ದಾಟ ಇತ್ತು ಅಂತ ಗೊತ್ತಿರಲಿಲ್ಲ.

ಬಾಯ್ಲ್ ಹುಟ್ಟಿದ್ದು 1627ರ ಜನವರಿ 25ರಂದು, ಐರ್ಲೆಂಡಿನ ಲಿಸ್ಮೋರ್ ಕೋಟೆಯಲ್ಲಿ. ಅಪ್ಪ ದೊಡ್ಡ ಶ್ರೀಮಂತ. ಈತ ಆ ಮನೆಯ ಹದಿನಾಲ್ಕನೇ ಮಗು. ಎಂಟನೇ ವಯಸ್ಸಿಗೆ ಇಂಗ್ಲೆಂಡಿನ ಈಟನ್ ಶಾಲೆ, ಆಮೇಲೆ ಮೇಷ್ಟ್ರ ಜೊತೆ ಯುರೋಪ್ ಪ್ರವಾಸ. 1642ರ ಜನವರಿಯಲ್ಲಿ ಗೆಲಿಲಿಯೋ ತೀರಿಕೊಂಡಾಗ ಹುಡುಗ ಬಾಯ್ಲ್ ಫ್ಲಾರೆನ್ಸ್‌ನಲ್ಲೇ ಇದ್ದ, ಅಲ್ಲೇ ಗೆಲಿಲಿಯೋನ ಬರಹಗಳನ್ನು ಓದಿದ. ಹೊಟ್ಟೆಪಾಡಿಗೆ ದುಡಿಯುವ ಅಗತ್ಯ ಆತನಿಗೆ ಇರಲಿಲ್ಲ. ಆದರೂ ಪ್ರಯೋಗದ ಹುಚ್ಚು ಹಿಡೀತು.

1650ರ ದಶಕದ ನಡುವೆ ಬಾಯ್ಲ್ ಆಕ್ಸ್‌ಫರ್ಡಿಗೆ ಬಂದ. ಜರ್ಮನಿಯ ಗೆರಿಕ್ ಗಾಳಿ ಹೊರತೆಗೆಯೋ ಪಂಪ್ ಮಾಡಿದ ಸುದ್ದಿ ಕೇಳಿ ತನಗೂ ಒಂದು ಬೇಕು ಅಂದುಕೊಂಡ. ಅದನ್ನು ಮಾಡಿಕೊಟ್ಟಿದ್ದು ಆತನ ಸಹಾಯಕ, ಆಗಿನ್ನೂ ಇಪ್ಪತ್ತರ ಹರೆಯದ ರಾಬರ್ಟ್ ಹುಕ್. ಹೌದು, ನಮ್ಮ ಸ್ಪ್ರಿಂಗ್ ನಿಯಮದ ಹುಕ್ಕೇ! 1659ರಲ್ಲಿ ಪಂಪ್ ರೆಡಿ. ಮೇಲೆ ದೊಡ್ಡ ಗಾಜಿನ ಬುರುಡೆ, ಕೆಳಗೆ ಸಿಲಿಂಡರ್. ಪಿಸ್ಟನ್ನಿಗೆ ಚರ್ಮ ಸುತ್ತಿ ಎಣ್ಣೆ ಸುರಿದರು, ಸಂದಿಗಳಿಗೆ ಅಂಟು ಮುಲಾಮು ಮೆತ್ತಿದರು. ಆದರೂ ಗಾಳಿ ಒಳಗೆ ನುಸುಳುತ್ತಲೇ ಇತ್ತು. ಓ-ರಿಂಗ್, ಸಿಲಿಕೋನ್ ಯಾವುದೂ ಇಲ್ಲದ ಕಾಲ ಅದು.

ಅಂಥ ಪಂಪಿನಲ್ಲೇ ಆತ ಒಂದು ಗಡಿಯಾರವನ್ನು ದಾರದಲ್ಲಿ ನೇತುಹಾಕಿ ಗಾಳಿ ತೆಗೆದ. ಟಿಕ್ ಟಿಕ್ ಸದ್ದು ಕುಗ್ಗುತ್ತಾ ಹೋಗಿ ಕೊನೆಗೆ ಕೇಳಿಸದೇ ಹೋಯ್ತು. ಶಬ್ದಕ್ಕೆ ಗಾಳಿ ಬೇಕು ಅನ್ನೋದು ಕಿವಿಗೇ ಗೊತ್ತಾಯ್ತು. 1660ರಲ್ಲಿ ಇದೆಲ್ಲ ಪುಸ್ತಕವಾಗಿ ಬಂತು. ನಮಗೆ ಇಷ್ಟವಾಗಿದ್ದು ಏನಂದ್ರೆ, ಪಂಪ್ ಲೀಕ್ ಆಗ್ತಿತ್ತು ಅನ್ನೋದನ್ನು ಬಾಯ್ಲ್ ಬಚ್ಚಿಡಲಿಲ್ಲ, ಪುಸ್ತಕದಲ್ಲೇ ಬರೆದ.

ಲೈನಸ್ ಅನ್ನೋ ಪಾದ್ರಿ ಒಪ್ಪಲಿಲ್ಲ. ಗಾಳಿಗೆ ಅಷ್ಟು ಶಕ್ತಿ ಎಲ್ಲಿಂದ ಬರಬೇಕು, ಪಾದರಸವನ್ನು ಎತ್ತಿ ಹಿಡಿಯೋದು ಕಣ್ಣಿಗೆ ಕಾಣದ ಒಂದು ಎಳೆ ಅಂತ ವಾದಿಸಿದ. ಬಾಯ್ಲ್ ಜಗಳಕ್ಕೆ ಹೋಗದೆ ಜೆ ಆಕಾರದ ಉದ್ದನೆಯ ಗಾಜಿನ ಕೊಳವೆ ತಂದ. ಗಿಡ್ಡ ತುದಿ ಸೀಲ್, ಉದ್ದ ತುದಿ ಓಪನ್. ರೂಮಿನಲ್ಲಿ ಹಿಡಿಸದಷ್ಟು ಉದ್ದ ಇದ್ದಿದ್ದರಿಂದ ಮೆಟ್ಟಿಲ ಹತ್ತಿರ ನಿಲ್ಲಿಸಿ ಮೇಲಿಂದ ಪಾದರಸ ಸುರಿಸಿದ. ಒಂದು ಕೊಳವೆ ಒಡೆದೂ ಹೋಯ್ತು. ಕೊನೆಗೆ, ಒತ್ತಡ ಎರಡು ಪಟ್ಟಾದಾಗ ಗಾಳಿ ಅರ್ಧಕ್ಕೆ ಇಳಿಯಿತು. 1662ರಲ್ಲಿ ಛಾಪಿಸಿದ ಟೇಬಲ್‌ನಲ್ಲಿ ಅಳೆದ ಒತ್ತಡ ಒಂದು ಕಾಲಂ, ಲೆಕ್ಕದ ಪ್ರಕಾರ ಬರಬೇಕಾದ ಒತ್ತಡ ಇನ್ನೊಂದು ಕಾಲಂ. ಎರಡೂ ಪೂರ್ತಿ ಹೊಂದಲ್ಲ. ಆ ವ್ಯತ್ಯಾಸವನ್ನೂ ಹಾಗೇ ಬಿಟ್ಟ. ಈ ಲೆಕ್ಕದ ಊಹೆ ಕೊಟ್ಟ ಟೌನ್ಲಿಯ ಹೆಸರನ್ನೂ ಹೇಳಿದ.

1668ರಿಂದ ಬಾಯ್ಲ್ ಲಂಡನ್ನಿನಲ್ಲಿ ಅಕ್ಕ ಕ್ಯಾಥರೀನ್ ಮನೆಯಲ್ಲಿದ್ದ. ಮದುವೆ ಆಗಲಿಲ್ಲ. 1680ರಲ್ಲಿ ರಾಯಲ್ ಸೊಸೈಟಿಯ ಅಧ್ಯಕ್ಷ ಪದವಿ ಬಂದಾಗ ಪ್ರಮಾಣವಚನ ಮಾಡಲು ಮನಸ್ಸೊಪ್ಪದೆ ಬೇಡ ಅಂದ. 1691ರ ಡಿಸೆಂಬರ್‌ನಲ್ಲಿ ಅಕ್ಕ ತೀರಿಕೊಂಡಳು. ಸುಮಾರು ಒಂದು ವಾರದಲ್ಲಿ ತಮ್ಮನೂ ಹೋದ.

ಗಾಳಿಯ ಅದೇ ಸ್ಪ್ರಿಂಗನ್ನು ನಂಬಿ 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಎಆರ್-1 ಅನ್ನೋ ಸೀಲ್ಡ್ ಸ್ಪೀಕರ್ ತಂದ. ಚಿಕ್ಕ ಪೆಟ್ಟಿಗೆಯಿಂದ ದೊಡ್ಡ ಬೇಸ್ ಬಂತು. ಬಾಯ್ಲ್ ನಿಯಮ ಪೂರ್ತಿ ನಿಜ ಆಗೋದು ಉಷ್ಣತೆ ಬದಲಾಗದಿದ್ದಾಗ. ಸ್ಪೀಕರಿನಲ್ಲಿ ಗಾಳಿ ಬೇಗ ಬೇಗ ಅದುಮೋದರಿಂದ ಒಂಚೂರು ಬಿಸಿಯಾಗುತ್ತೆ. ಒಳಗೆ ತುಂಬಿರೋ ಹತ್ತಿಯಂಥ ಫೈಬರ್ ಆ ಬಿಸಿಯನ್ನು ಹೀರಿಕೊಂಡು ಗಾಳಿಯನ್ನು ಬಾಯ್ಲ್ ಕಡೆಗೆ ಎಳೆಯುತ್ತೆ. ಅದಕ್ಕೇ, ರಿಪೇರಿ ಮಾಡುವಾಗ ಅದು ಕಸ ಅಂತ ಎಸೀಬೇಡಿ.

ನಾವು ಮತ್ತೆ ಬಿಚ್ಚಿದ್ವಿ. ಹಳೇ ಅಂಟು ಕೆರೆದು, ಹೊಸ ಫೋಮ್ ಟೇಪನ್ನು ಎಲ್ಲೂ ಸಂದಿ ಬಿಡದೆ ಸುತ್ತ ಅಂಟಿಸಿ, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪ ಬಿಗಿ ಮಾಡಿದ್ವಿ. ಕೋನ್ ಮೆಲ್ಲಗೆ ಒತ್ತಿ ಬಿಟ್ಟರೆ ಈಗ ನಿಧಾನವಾಗಿ ವಾಪಸ್ ಬರುತ್ತೆ. ಬೇಸೂ ಬಂತು.

ಲ್ಯಾಬ್ ರೆಕಾರ್ಡ್‌ನಲ್ಲಿ ನಮ್ಮ ಗ್ರಾಫ್ ಯಾವಾಗಲೂ ನೇರ ಗೆರೆ, ಯಾವ ಪಾಯಿಂಟೂ ಆಚೀಚೆ ಹೋಗಲ್ಲ. ಹೇಗೆ ಅಂತ ನಿಮಗೂ ಗೊತ್ತು, ನಮಗೂ ಗೊತ್ತು. ಈ ಸಲ ರಿಪೇರಿ ನೋಟ್‌ಬುಕ್ಕಿನಲ್ಲಿ ಮೊದಲ ಸಲ ಲೀಕ್ ಆಗಿದ್ದನ್ನೂ ಬರೆದಿಟ್ಟಿದ್ದೀವಿ. ಮುಂದಿನ ಬ್ಯಾಚ್ ಬಿಚ್ಚುವಾಗ ಗ್ಯಾಸ್ಕೆಟ್ ನೋಡಿಕೊಳ್ಳಲಿ.