ಡಿ. ದೇವರಾಜ ಅರಸು

ಡಿ. ದೇವರಾಜ ಅರಸು (20 ಆಗಸ್ಟ್ 1915 – 6 ಜೂನ್ 1982) ಕರ್ನಾಟಕದ ಮುಖ್ಯಮಂತ್ರಿಗಳಾಗಿದ್ದ ರಾಜಕಾರಣಿ. ಮೈಸೂರು ಜಿಲ್ಲೆಯ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು. 1972ರಿಂದ 1977ರವರೆಗೆ ಮತ್ತು 1978ರಿಂದ 1980ರವರೆಗೆ ಎರಡು ಅವಧಿಗಳಲ್ಲಿ ರಾಜ್ಯದ ಆಡಳಿತ ನಡೆಸಿದರು. ಗೇಣಿ ಪದ್ಧತಿಯ ರದ್ದತಿ ಮತ್ತು ಹಿಂದುಳಿದ ವರ್ಗಗಳ ಮೀಸಲಾತಿ ಅವರ ಪ್ರಸಿದ್ಧ ಕಾರ್ಯಗಳು. ಭೂಹೀನರಿಗೆ ಮನೆ ಮತ್ತು ನಿವೇಶನದ ಹಕ್ಕು ದೊರಕಿಸಿದ್ದು ಅಷ್ಟೇ ಮಹತ್ವದ್ದಾದರೂ ಅದರ ಪ್ರಸ್ತಾಪ ಕಡಿಮೆ.

ಬಾಲ್ಯ ಮತ್ತು ಶಿಕ್ಷಣ

ಅರಸರ ಕುಟುಂಬಕ್ಕೆ ಮೈಸೂರು ರಾಜಮನೆತನದೊಂದಿಗೆ ದೂರದ ನೆಂಟಸ್ತನವಿತ್ತು. ಆದರೆ ಅವರ ಮನೆಯ ಕಸುಬು ಬೇಸಾಯವೇ ಆಗಿತ್ತು. ಮೈಸೂರಿನ ಅರಸು ಬೋರ್ಡಿಂಗ್ ಶಾಲೆಯಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವಿಜ್ಞಾನ ಪದವಿ ಪಡೆದ ಬಳಿಕ ಅವರು ನೌಕರಿಯನ್ನು ಅರಸದೆ ಊರಿಗೆ ಮರಳಿ ಕೃಷಿಯಲ್ಲಿ ತೊಡಗಿದರು. ಚಲನಚಿತ್ರ ನಟ, ನಿರ್ದೇಶಕ ಕೆಂಪರಾಜ ಅರಸು ಇವರ ಸೋದರ.

ರಾಜಕೀಯ ಜೀವನ

1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾದರು. 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಹುಣಸೂರು ಕ್ಷೇತ್ರದಿಂದ ವಿಧಾನಸಭೆಯನ್ನು ಪ್ರವೇಶಿಸಿದರು. ಮುಂದೆ ಎಸ್. ನಿಜಲಿಂಗಪ್ಪನವರ ಸಂಪುಟದಲ್ಲಿ ಸಚಿವರಾಗಿದ್ದರು. 1969ರಲ್ಲಿ ಕಾಂಗ್ರೆಸ್ ಒಡೆದಾಗ ರಾಜ್ಯದ ಬಹುತೇಕ ನಾಯಕರು ನಿಜಲಿಂಗಪ್ಪನವರೊಂದಿಗೆ ಉಳಿದರು. ಅರಸರು ಇಂದಿರಾ ಗಾಂಧಿಯವರ ಪಕ್ಷವನ್ನು ಸೇರಿ ರಾಜ್ಯದಲ್ಲಿ ಅದನ್ನು ಕಟ್ಟಿದರು. 1972ರ ಚುನಾವಣೆಯಲ್ಲಿ ಆ ಪಕ್ಷ ಬಹುಮತ ಗಳಿಸಿ, ಮಾರ್ಚ್ 20ರಂದು ಅವರು ಮುಖ್ಯಮಂತ್ರಿಯಾದರು. ಏಕೀಕರಣದ ನಂತರ ಅಲ್ಲಿಯವರೆಗೆ ಆ ಸ್ಥಾನದಲ್ಲಿದ್ದವರೆಲ್ಲ ಲಿಂಗಾಯತ ಸಮುದಾಯದವರು. ಅರಸು ಸಮುದಾಯವಾದರೋ ಸಂಖ್ಯೆಯಲ್ಲಿ ತೀರ ಚಿಕ್ಕದು. ಸ್ವಜಾತಿಯ ಮತಬಲವಿಲ್ಲದ ಅವರು ಹಿಂದುಳಿದವರು, ದಲಿತರು ಮತ್ತು ಅಲ್ಪಸಂಖ್ಯಾತರನ್ನು ಒಟ್ಟುಗೂಡಿಸಿದರು. 1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು ಇವರ ಆಡಳಿತದಲ್ಲಿಯೇ.

ಭೂಸುಧಾರಣೆ

1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಕಾಯಿದೆಯು ಗೇಣಿ ಜಮೀನುಗಳನ್ನು ಸರ್ಕಾರದ ವಶಕ್ಕೆ ತಂದು, ಉಳುವವರಿಗೆ ಒಡೆತನ ನೀಡುವ ದಾರಿ ತೆರೆಯಿತು. ಅರ್ಜಿಗಳ ತೀರ್ಮಾನಕ್ಕಾಗಿ ಭೂನ್ಯಾಯ ಮಂಡಳಿಗಳನ್ನು ರಚಿಸಲಾಯಿತು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರಾಗಿದ್ದ ಈ ಮಂಡಳಿಗಳಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದ ಒಬ್ಬ ಸದಸ್ಯನಾದರೂ ಇರಬೇಕೆಂಬ ನಿಯಮವಿತ್ತು. ಬಡ ಗೇಣಿದಾರನು ಒಡೆಯನ ವಕೀಲರ ಎದುರು ಸೋಲಬಾರದೆಂದು ಮಂಡಳಿಯ ಮುಂದೆ ವಕೀಲರ ವಾದಕ್ಕೆ ಅವಕಾಶವಿರಲಿಲ್ಲ.

ಮನೆ ಮತ್ತು ನಿವೇಶನದ ಹಕ್ಕು

ಗೇಣಿ ಪದ್ಧತಿ ಕರಾವಳಿಯಲ್ಲಿ ವ್ಯಾಪಕವಾಗಿದ್ದುದರಿಂದ ಈ ಕಾಯಿದೆಯ ಹೆಚ್ಚಿನ ಫಲ ಅಲ್ಲಿನವರಿಗೆ ದೊರೆಯಿತು. ಹುಣಸೂರು, ಪಿರಿಯಾಪಟ್ಟಣ, ಬೆಟ್ಟದಪುರದಂತಹ ಹಳೆಯ ಮೈಸೂರು ಸೀಮೆಯಲ್ಲಿ ಗೇಣಿ ಅಷ್ಟಾಗಿ ಇರಲಿಲ್ಲ. ಕೂಲಿಗೆ ದುಡಿಯುವವನಿಗೆ ಗೇಣಿಯ ಜಮೀನೂ ಇಲ್ಲದ್ದರಿಂದ ಕಾಯಿದೆಯಿಂದ ಪಡೆಯುವಂಥದ್ದು ಏನೂ ಇರಲಿಲ್ಲ. ಅವನ ಗುಡಿಸಲು ಪರರ ನೆಲದಲ್ಲಿದ್ದರೆ, ಕೂಲಿ ಹೆಚ್ಚು ಕೇಳಿದ ದಿನವೇ ಅದನ್ನು ತೆರವು ಮಾಡಬೇಕಾಗಿ ಬರಬಹುದಿತ್ತು. ಹೀಗೆ ವಾಸದ ನೆಲವೇ ದಾಸ್ಯದ ಸಂಕೋಲೆಯಾಗಿತ್ತು.

ಈ ಸಮಸ್ಯೆಯನ್ನು ಎದುರಿಸಲು ಅರಸರ ಕಾಲದಲ್ಲಿ ಮೂರು ಕಾನೂನು ಕ್ರಮಗಳು ನೆರವಾದವು. ಭೂಸುಧಾರಣಾ ಕಾಯಿದೆಯ 38ನೆಯ ಕಲಂ, ಪರರ ಜಮೀನಿನಲ್ಲಿ ವಾಸಿಸುವ ಕೃಷಿ ಕಾರ್ಮಿಕನಿಗೆ ತನ್ನ ಮನೆಯ ಒಡೆತನ ಪಡೆಯುವ ಹಕ್ಕು ನೀಡಿತು. ಮನೆ ನಿವೇಶನ ಹಂಚಿಕೆಗಾಗಿ ಭೂಸ್ವಾಧೀನ ಕಾಯಿದೆ, 1972, ಖಾಸಗಿ ಜಮೀನನ್ನು ಕೊಂಡು ನಿವೇಶನರಹಿತರಿಗೆ ಹಂಚಲು ಸರ್ಕಾರಕ್ಕೆ ಅಧಿಕಾರ ಕೊಟ್ಟಿತು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಮಂಜೂರಾದ ಜಮೀನು ಸಾಲಕ್ಕೋ ಬಲವಂತಕ್ಕೋ ಕೈಬಿಟ್ಟುಹೋಗುವುದನ್ನು ತಡೆಯಲು 1978ರ ಪರಭಾರೆ ನಿಷೇಧ ಕಾಯಿದೆ ರೂಪುಗೊಂಡಿತು. ಇದು 1979ರ ಜನವರಿ 1ರಿಂದ ಜಾರಿಗೆ ಬಂತು.

ಇತರ ಸುಧಾರಣೆಗಳು

ಮಲ ಹೊರುವ ಅನಿಷ್ಟ ಪದ್ಧತಿಯ ನಿಷೇಧಕ್ಕೆ ಅವರ ಸಂಪುಟದ ಸಚಿವ ಬಿ. ಬಸವಲಿಂಗಪ್ಪನವರು ಶ್ರಮಿಸಿದರು. 1972ರಲ್ಲಿ ಎಲ್.ಜಿ. ಹಾವನೂರರ ಅಧ್ಯಕ್ಷತೆಯಲ್ಲಿ ನೇಮಕವಾದ ಹಿಂದುಳಿದ ವರ್ಗಗಳ ಆಯೋಗ 1975ರಲ್ಲಿ ವರದಿ ಸಲ್ಲಿಸಿತು. 1977ರಲ್ಲಿ ಮೀಸಲಾತಿ ಆದೇಶ ಹೊರಬಿತ್ತು. 1976ರ ಋಣ ಪರಿಹಾರ ಕಾಯಿದೆ ಬಡವರನ್ನು ಲೇವಾದೇವಿಯವರ ಹಿಡಿತದಿಂದ ಬಿಡಿಸುವ ಯತ್ನವಾಗಿತ್ತು.

ಟೀಕೆಗಳು

ಭೂಸುಧಾರಣೆಯಿಂದ ಗೇಣಿದಾರರಿಗೆ ಆದಷ್ಟು ಲಾಭ ಭೂಹೀನ ಕೂಲಿಕಾರರಿಗೆ ಆಗಲಿಲ್ಲವೆಂಬ ಆಕ್ಷೇಪವಿದೆ. ನಿವೇಶನ ಹಂಚಿಕೆಗೂ ಒಂದು ಮಿತಿಯಿತ್ತು. ಅನೇಕ ಕಡೆ ಹೊಸ ಬಡಾವಣೆಗಳು ಊರ ಹೊರಗೇ ಎದ್ದವು. ಬಡವನಿಗೆ ಹಕ್ಕುಪತ್ರ ಸಿಕ್ಕಿತಾದರೂ ಊರು ಮತ್ತು ಕೇರಿಯ ನಡುವಣ ಅಂತರ ಅಳಿಯಲಿಲ್ಲ. ಆಡಳಿತದಲ್ಲಿ ಭ್ರಷ್ಟಾಚಾರದ ಆರೋಪಗಳೂ ಕೇಳಿಬಂದು, 1977ರಲ್ಲಿ ಕೇಂದ್ರ ಸರ್ಕಾರ ಗ್ರೋವರ್ ಆಯೋಗವನ್ನು ನೇಮಿಸಿತು.

ಕೊನೆಯ ದಿನಗಳು

1978ರಲ್ಲಿ ಮರಳಿ ಅಧಿಕಾರಕ್ಕೆ ಬಂದ ಅರಸರು ಮರುವರ್ಷ ಇಂದಿರಾ ಗಾಂಧಿಯವರೊಂದಿಗೆ ಭಿನ್ನಾಭಿಪ್ರಾಯ ಬಂದು ಬೇರೆಯಾದರು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ಅವರ ಪಕ್ಷ ತೀವ್ರ ಸೋಲು ಕಂಡಿತು. ಅವರು ರಾಜೀನಾಮೆ ನೀಡಿದರು. ಅನಂತರ ಕ್ರಾಂತಿರಂಗ ಪಕ್ಷವನ್ನು ಕಟ್ಟಿದರು. 1982ರ ಜೂನ್ 6ರಂದು ನಿಧನರಾದರು.

ಸ್ಮರಣೆ

ಮೈಸೂರಿನ ದೇವರಾಜ ಅರಸು ರಸ್ತೆ ಮತ್ತು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮಕ್ಕೆ ಅವರ ಹೆಸರಿದೆ. ವಿಧವೆಯರು, ಅಂಗವಿಕಲರು, ಮಲ ಹೊರುವ ವೃತ್ತಿಯಿಂದ ಬಿಡುಗಡೆ ಹೊಂದಿದವರು ಮುಂತಾದವರಿಗೆ ಮನೆ ಕಟ್ಟಿಸಿಕೊಡುವ ರಾಜ್ಯ ಸರ್ಕಾರದ ಯೋಜನೆಯೂ ದೇವರಾಜ ಅರಸು ವಸತಿ ಯೋಜನೆ ಎಂದೇ ಹೆಸರಾಗಿದೆ.