ಮಳೆಯಲ್ಲಿ ಕೊಟ್ಟ ಕೋಟು: ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್

ಹಿಂದಿ ಚಿತ್ರದಲ್ಲಿ ಮಳೆ ಬಂತೆಂದರೆ ಮುಂದಿನದು ಪ್ರೇಕ್ಷಕನಿಗೆ ತಾನಾಗಿಯೇ ತಿಳಿಯುತ್ತದೆ. ನಾಯಕ ನಾಯಕಿಯರು ನೆನೆಯಬೇಕು, ನಡುವಿನ ಸಂಕೋಚ ಕರಗಬೇಕು, ಹಾಡೊಂದು ಹುಟ್ಟಬೇಕು. 1955ರಲ್ಲಿ ತೆರೆಕಂಡ ‘ಶ್ರೀ 420’ ಚಿತ್ರದಲ್ಲಿ ರಾಜ್ ಕಪೂರ್ ಮತ್ತು ನರ್ಗಿಸ್ ಒಂದೇ ಕೊಡೆಯಡಿ ನಿಂತ ದೃಶ್ಯ ಈ ಸಂಪ್ರದಾಯಕ್ಕೆ ಮಾದರಿಯಾಯಿತು. ಆ ಹಾಡಿನಲ್ಲಿ ಮಳೆಕೋಟು ತೊಟ್ಟು ಸಾಲಾಗಿ ನಡೆದುಹೋಗುವ ಮೂವರು ಪುಟಾಣಿಗಳು ರಾಜ್ ಕಪೂರ್ ಅವರ ಸ್ವಂತ ಮಕ್ಕಳು. ಮಳೆಯೆಂದರೆ ಒಲವು, ಒಲವೆಂದರೆ ಮನೆ, ಮಕ್ಕಳು, ಸಂಸಾರ ಎಂಬ ಭರವಸೆಯನ್ನು ಆ ಒಂದು ಹಾಡು ದೇಶಕ್ಕೆಲ್ಲ ಹಂಚಿತು.

ನಾಲ್ಕು ವರ್ಷಗಳ ನಂತರ, 1959ರಲ್ಲಿ, ಹಿಂದಿ ತೆರೆಯ ಮೇಲೆ ಬೇರೆಯದೇ ಮಳೆಯೊಂದು ಸುರಿಯಿತು. ಚಿತ್ರ ‘ಕಾಗಜ್ ಕೆ ಫೂಲ್’. ಖ್ಯಾತ ನಿರ್ದೇಶಕ ಸುರೇಶ್ ಸಿನ್ಹಾ ಮಳೆಗೆ ಸಿಕ್ಕಿ ಮರವೊಂದರ ಅಡಿ ಆಶ್ರಯ ಪಡೆಯುತ್ತಾನೆ. ಅಲ್ಲಿ ಅಪರಿಚಿತ ಯುವತಿಯೊಬ್ಬಳು ಚಳಿಗೆ ನಡುಗುತ್ತಿರುತ್ತಾಳೆ. ಕೊಡೆಯಿಲ್ಲ, ಹಾಡಿಲ್ಲ, ಸ್ಪರ್ಶವಿಲ್ಲ. ಆತ ತನ್ನ ಕೋಟನ್ನು ಅವಳಿಗೆ ಕೊಟ್ಟು ಹೊರಟುಹೋಗುತ್ತಾನೆ. ಹಿಂದಿ ಚಿತ್ರರಂಗದ ಅತ್ಯಂತ ಸಂಯಮದ ಮಳೆಯ ದೃಶ್ಯಗಳಲ್ಲಿ ಇದೂ ಒಂದು. ಆ ಪಾತ್ರವನ್ನು ವಹಿಸಿದವರೂ ಚಿತ್ರವನ್ನು ನಿರ್ದೇಶಿಸಿದವರೂ ಒಬ್ಬರೇ: ಬೆಂಗಳೂರಿನಲ್ಲಿ ಜನಿಸಿದ ಗುರುದತ್ ಪಡುಕೋಣೆ.

ಬೆಂಗಳೂರಿನಿಂದ ಭವಾನಿಪುರಕ್ಕೆ

ಹೆಸರಿನ ಕೊನೆಯ ದತ್ ಎಂಬ ಅಕ್ಷರಗಳನ್ನು ನೋಡಿ ಅವರನ್ನು ಬಂಗಾಳಿಯೆಂದು ತಿಳಿದವರು ಇಂದಿಗೂ ಇದ್ದಾರೆ. ವಾಸ್ತವದಲ್ಲಿ ಅವರದು ಚಿತ್ರಾಪುರ ಸಾರಸ್ವತ ಕುಟುಂಬ. ಮನೆತನದ ಹೆಸರಿನಲ್ಲಿರುವ ಪಡುಕೋಣೆ ಕುಂದಾಪುರ ಸೀಮೆಯ ಊರು. ತಂದೆ ಶಿವಶಂಕರರಾವ್, ತಾಯಿ ವಾಸಂತಿ. 1925ರ ಜುಲೈ 9ರಂದು ಮುಂಗಾರಿನ ದಿನಗಳಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಶಿಶುವಿಗೆ ವಸಂತಕುಮಾರ ಎಂದು ಹೆಸರಿಟ್ಟರು. ಬಾಲ್ಯದಲ್ಲಿ ಸಂಭವಿಸಿದ ಒಂದು ಅಪಘಾತದ ಬಳಿಕ ಹೆಸರು ಗುರುದತ್ತ ಎಂದು ಬದಲಾಯಿತು.

ಇಂದು ದಕ್ಷಿಣ ಬೆಂಗಳೂರಿನ ಗುರುತಾಗಿರುವ ಜಯನಗರವಾಗಲೀ ಅದಕ್ಕೆ ಅಂಟಿಕೊಂಡಿರುವ ತಿಲಕ್ ನಗರವಾಗಲೀ ಆಗ ಇರಲಿಲ್ಲ. ಜಯನಗರ ಬಡಾವಣೆಗೆ ರೂಪ ದೊರೆತದ್ದು 1948ರಲ್ಲಿ. ಅಷ್ಟರಲ್ಲಿ ಪಡುಕೋಣೆ ಕುಟುಂಬ ಈ ಊರನ್ನು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಗುರುದತ್ ಬೆಳೆದದ್ದು ಕೋಲ್ಕತ್ತದ ಭವಾನಿಪುರದಲ್ಲಿ. ಬಂಗಾಳಿ ಅವರ ನಾಲಿಗೆಯಲ್ಲಿ ಸಲೀಸಾಗಿ ಹರಿಯುತ್ತಿತ್ತು. ತಾಯಿ ವಾಸಂತಿ ಪಡುಕೋಣೆ ಮಾತ್ರ ಕನ್ನಡದ ನಂಟನ್ನು ಕಡಿದುಕೊಳ್ಳಲಿಲ್ಲ. ಬಂಗಾಳಿಯಿಂದ ಕನ್ನಡಕ್ಕೆ ಕೃತಿಗಳನ್ನು ಅನುವಾದಿಸಿದ ಆ ತಾಯಿ, ಮಗನನ್ನು ಕಳೆದುಕೊಂಡ ವರ್ಷಗಳ ನಂತರ ಅವನ ಬದುಕನ್ನು ಬರೆದದ್ದೂ ಕನ್ನಡದಲ್ಲಿಯೇ. ‘ನನ್ನ ಮಗ ಗುರುದತ್ತ’ ಎಂಬ ಆ ಕೃತಿಯನ್ನು ಧಾರವಾಡದ ಮನೋಹರ ಗ್ರಂಥಮಾಲೆ 1976ರಲ್ಲಿ ಪ್ರಕಟಿಸಿತು.

ನೃತ್ಯದಲ್ಲಿದ್ದ ಆಸಕ್ತಿ ಬಾಲಕನನ್ನು ಹಿಮಾಲಯದ ತಪ್ಪಲಿನ ಅಲ್ಮೋರಕ್ಕೆ ಕರೆದೊಯ್ದಿತು. ಅಲ್ಲಿ ಉದಯ ಶಂಕರ್ ಅವರ ಕಲಾಕೇಂದ್ರದಲ್ಲಿ ಶಿಕ್ಷಣ. ಯುದ್ಧಕಾಲದ ಮುಗ್ಗಟ್ಟಿನಲ್ಲಿ ಕೇಂದ್ರ ಮುಚ್ಚಿದಾಗ ಕೋಲ್ಕತ್ತದಲ್ಲಿ ಕೆಲಕಾಲ ಟೆಲಿಫೋನ್ ಆಪರೇಟರ್ ಕೆಲಸ. 1944ರಲ್ಲಿ ಪುಣೆಯ ಪ್ರಭಾತ್ ಫಿಲ್ಮ್ ಕಂಪನಿಯಲ್ಲಿ ಮೂರು ವರ್ಷಗಳ ಒಪ್ಪಂದ. ಅಲ್ಲಿ ದೊರೆತ ಗೆಳೆಯ ದೇವ್ ಆನಂದ್. ತಾನು ನಿರ್ಮಾಪಕನಾದರೆ ನಿರ್ದೇಶನ ಗುರುದತ್ ಅವರದೆಂದು ದೇವ್ ಆನಂದ್ ಕೊಟ್ಟ ಮಾತು 1951ರಲ್ಲಿ ‘ಬಾಜಿ’ ಚಿತ್ರವಾಗಿ ನೆರವೇರಿತು.

ಇಬ್ಬರು ಜೊತೆಗಾರರು

‘ಬಾಜಿ’ ಗುರುದತ್ ಅವರಿಗೆ ಯಶಸ್ಸಿನ ಜೊತೆಗೆ ಇಬ್ಬರು ಸಂಗಾತಿಗಳನ್ನೂ ಕೊಟ್ಟಿತು. ಒಬ್ಬರು ಆ ಚಿತ್ರದ ಗಾಯಕಿ ಗೀತಾ ರಾಯ್. ಆ ಹೊತ್ತಿಗೇ ಹೆಸರಾಂತ ಹಿನ್ನೆಲೆ ಗಾಯಕಿಯಾಗಿದ್ದ ಅವರನ್ನು ಗುರುದತ್ 1953ರ ಮೇ 26ರಂದು ವಿವಾಹವಾದರು. ಇನ್ನೊಬ್ಬರು ಮೈಸೂರಿನವರಾದ ವಿ.ಕೆ. ಮೂರ್ತಿ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಸಂಸ್ಥೆಯಲ್ಲಿ ಛಾಯಾಗ್ರಹಣ ಕಲಿತು ಮುಂಬಯಿ ಸೇರಿದ್ದ ಮೂರ್ತಿ, ‘ಬಾಜಿ’ಯಲ್ಲಿ ಸಹಾಯಕ ಮಾತ್ರ. ಒಂದು ಕ್ಲಿಷ್ಟವಾದ ಶಾಟ್ ಅನ್ನು ತಾನು ತೆಗೆಯಬಲ್ಲೆನೆಂದು ಮುಂದೆ ಬಂದು, ತೆಗೆದು ತೋರಿಸಿದರು. ಮುಂದಿನ ಚಿತ್ರ ‘ಜಾಲ್’ನಿಂದ ಗುರುದತ್ ನಿರ್ದೇಶನದ ಚಿತ್ರಗಳಿಗೆಲ್ಲ ಅವರೇ ಛಾಯಾಗ್ರಾಹಕರು.

ಸಿನಿಮಾ ಮಳೆಯ ಗುಟ್ಟು ಬೆಳಕಿನಲ್ಲಿದೆ. ಕ್ಯಾಮೆರಾದ ಕಣ್ಣಿಗೆ ಹನಿಗಳು ಸುಲಭವಾಗಿ ಕಾಣುವುದಿಲ್ಲ. ಪೈಪುಗಳಿಂದ ನೀರು ಚಿಮ್ಮಿಸಿದರಷ್ಟೇ ಸಾಲದು, ಹಿಂದಿನಿಂದ ಬೆಳಕು ಬಿಟ್ಟಾಗಲೇ ಪ್ರತಿ ಹನಿಯೂ ಗೆರೆಯಾಗಿ ಮೂಡುತ್ತದೆ. ಹೀಗೆ ಬೆಳಕನ್ನು ಪಳಗಿಸುವ ವಿದ್ಯೆಯಲ್ಲಿ ಮೂರ್ತಿ ನಿಷ್ಣಾತರು. ಅದನ್ನು ಅವರು ಮೆರೆದದ್ದು ‘ಕಾಗಜ್ ಕೆ ಫೂಲ್’ನಲ್ಲಿ. ಕನ್ನಡಿಗಳ ನೆರವಿನಿಂದ ಬಿಸಿಲನ್ನೇ ಸ್ಟುಡಿಯೊದ ಒಳಗೆ ಹರಿಸಿ, ನಾಯಕ ನಾಯಕಿಯರ ನಡುವೆ ಬೆಳಕಿನ ಕಂಬವೊಂದನ್ನು ಅವರು ನಿಲ್ಲಿಸಿದರು. ಮಾತಿಲ್ಲದೆ ಬಳಿ ಸಾರಲಾರದೆ ನಿಂತ ಇಬ್ಬರ ಆ ದೃಶ್ಯಕ್ಕೆ ದನಿಯಾದವರು ಗೀತಾ ದತ್. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರವೂ ಇದೇ.

ಸೋತ ಚಿತ್ರ, ಉಳಿದ ಚಿತ್ರ

ಚಿತ್ರದ ಮುಂದಿನ ಕಥೆ ಆ ಕೋಟನ್ನೇ ಹಿಡಿದು ಸಾಗುತ್ತದೆ. ಕೋಟು ಹಿಂದಿರುಗಿಸಲು ಸ್ಟುಡಿಯೊಗೆ ಬರುವ ಶಾಂತಿ, ಅರಿಯದೆ ಚಿತ್ರೀಕರಣದ ನಡುವೆ ಕ್ಯಾಮೆರಾದ ಎದುರು ಹಾದುಹೋಗುತ್ತಾಳೆ. ಆ ತುಣುಕನ್ನು ನೋಡಿದ ಸುರೇಶ್ ಅವಳನ್ನು ನಟಿಯಾಗಿಸುತ್ತಾನೆ. ಪತ್ನಿಯಿಂದ ದೂರವಾಗಿರುವ ಅವನಿಗೂ ಅನಾಥೆಯಾದ ಅವಳಿಗೂ ನಡುವೆ ಹೆಸರಿಡಲಾಗದ ಅನುಬಂಧ ಬೆಳೆಯುತ್ತದೆ. ಊರಿನ ಬಾಯಿ ಸುಮ್ಮನಿರುವುದಿಲ್ಲ. ಮಗಳ ನೋವನ್ನು ಕಂಡು ಶಾಂತಿ ಚಿತ್ರರಂಗವನ್ನೇ ತೊರೆದು ಹಳ್ಳಿಯ ಶಾಲೆಗೆ ಶಿಕ್ಷಕಿಯಾಗಿ ಹೋಗುತ್ತಾಳೆ. ಸುರೇಶ್ ಕುಡಿತಕ್ಕೆ ಬಿದ್ದು ಎಲ್ಲವನ್ನೂ ಕಳೆದುಕೊಂಡು, ಕೊನೆಗೆ ಖಾಲಿ ಸ್ಟುಡಿಯೊದಲ್ಲಿ ನಿರ್ದೇಶಕನ ಕುರ್ಚಿಯಲ್ಲೇ ಪ್ರಾಣ ಬಿಡುತ್ತಾನೆ.

ಶಾಂತಿಯ ಪಾತ್ರ ವಹಿಸಿದವರು ವಹೀದಾ ರೆಹಮಾನ್. 1955ರ ತೆಲುಗು ಚಿತ್ರ ‘ರೋಜುಲು ಮಾರಾಯಿ’ಯಲ್ಲಿ ಹಾಡೊಂದಕ್ಕೆ ಹೆಜ್ಜೆ ಹಾಕಿದ್ದ ಅವರನ್ನು ಹೈದರಾಬಾದಿನಲ್ಲಿ ಗುರುತಿಸಿ ಮುಂಬಯಿಗೆ ಕರೆತಂದವರು ಗುರುದತ್. 1956ರ ‘ಸಿ.ಐ.ಡಿ.’, 1957ರ ‘ಪ್ಯಾಸಾ’ ಅವರನ್ನು ತಾರೆಯನ್ನಾಗಿಸಿದವು. ಹೀಗಾಗಿ ತೆರೆಯ ಕಥೆಯಲ್ಲಿ ಜನ ನಿಜಜೀವನವನ್ನು ಹುಡುಕಿದರು. ಗಾಳಿಮಾತುಗಳು ಹಬ್ಬಿದವು. ಗೀತಾ ಮತ್ತು ಗುರುದತ್ ಅವರ ದಾಂಪತ್ಯ ಬಿರುಕು ಬಿಟ್ಟಿತು. ಆ ಬಿರುಕಿಗೆ ಕಾರಣ ಒಂದೇ ಎಂದು ಹೇಳುವುದು ಮೂವರಿಗೂ ಅನ್ಯಾಯವಾದೀತು.

‘ಕಾಗಜ್ ಕೆ ಫೂಲ್’ ಗಲ್ಲಾಪೆಟ್ಟಿಗೆಯಲ್ಲಿ ನೆಲಕಚ್ಚಿತು. ಕೊಡೆಯ ಮಳೆಗೆ ಮನಸೋತಿದ್ದ ಪ್ರೇಕ್ಷಕರು ಕೋಟಿನ ಮಳೆಯನ್ನು ಒಪ್ಪಲಿಲ್ಲ. ಆ ಪೆಟ್ಟಿನಿಂದ ಗುರುದತ್ ಚೇತರಿಸಿಕೊಳ್ಳಲೇ ಇಲ್ಲ. ಅಂದಿನಿಂದ ಯಾವ ಚಿತ್ರಕ್ಕೂ ನಿರ್ದೇಶಕನೆಂದು ಅವರು ಹೆಸರು ಹಾಕಿಕೊಳ್ಳಲಿಲ್ಲ. 1960ರ ‘ಚೌದ್ವೀ ಕಾ ಚಾಂದ್’ ಚಿತ್ರವನ್ನು ಎಂ. ಸಾದಿಕ್, 1962ರ ‘ಸಾಹಿಬ್ ಬೀಬಿ ಔರ್ ಗುಲಾಮ್’ ಚಿತ್ರವನ್ನು ಅಬ್ರಾರ್ ಆಲ್ವಿ ನಿರ್ದೇಶಿಸಿದರು. ಎರಡರಲ್ಲೂ ಗುರುದತ್ ನಿರ್ಮಾಪಕ ಮತ್ತು ನಟ ಮಾತ್ರ.

ಮರುವರ್ಷವೇ ಮತ್ತೊಂದು ಮಳೆಯ ಹಾಡು ಬಂತು. 1960ರ ‘ಕಾಲಾ ಬಜಾರ್’ನಲ್ಲಿ ಹಳೆಯ ಗೆಳೆಯ ದೇವ್ ಆನಂದ್ ಮತ್ತು ವಹೀದಾ ರೆಹಮಾನ್ ಒಂದೇ ಕೊಡೆಯಡಿ ನಡೆಯುತ್ತಾರೆ. ಆ ಹಾಡಿನ ದನಿಗಳು ಮೊಹಮ್ಮದ್ ರಫಿ ಮತ್ತು ಗೀತಾ ದತ್ ಅವರವು. ಸಂಗೀತ ‘ಕಾಗಜ್ ಕೆ ಫೂಲ್’ಗೆ ರಾಗ ಹಾಕಿದ್ದ ಎಸ್.ಡಿ. ಬರ್ಮನ್ ಅವರದೇ. ಗುರುದತ್ ಬದುಕಿನ ಆಪ್ತರೆಲ್ಲ ಆ ಮಳೆಯಲ್ಲಿ ಇದ್ದರು, ಗುರುದತ್ ಒಬ್ಬರು ಇರಲಿಲ್ಲ.

1964ರ ಅಕ್ಟೋಬರ್ 10ರಂದು ಮುಂಬಯಿಯ ಪೆಡ್ಡರ್ ರಸ್ತೆಯ ಬಾಡಿಗೆ ಮನೆಯಲ್ಲಿ ಗುರುದತ್ ಶವವಾಗಿ ಕಂಡರು. ಮದ್ಯದೊಂದಿಗೆ ಸೇರಿದ ನಿದ್ರೆಗುಳಿಗೆಗಳು ಅವರನ್ನು ಕೊಂದಿದ್ದವು. ಅದು ಆಕಸ್ಮಿಕವೋ ಆತ್ಮಹತ್ಯೆಯೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಆಗ ಅವರಿಗೆ 39 ವರ್ಷ. ಮೂವರು ಮಕ್ಕಳು ಚಿಕ್ಕವರು. ಎಂಟು ವರ್ಷಗಳ ನಂತರ, 1972ರಲ್ಲಿ, ಗೀತಾ ದತ್ ಕೂಡ ಕಣ್ಮುಚ್ಚಿದರು.

ಕೀರ್ತಿ ತಡವಾಗಿ ಬಂತು. ಸೋತ ಚಿತ್ರ ಕ್ರಮೇಣ ಚಿತ್ರ ವಿದ್ಯಾರ್ಥಿಗಳ ಪಾಠವಾಯಿತು. 2005ರಲ್ಲಿ ಟೈಮ್ ಪತ್ರಿಕೆ ಸಾರ್ವಕಾಲಿಕ ಶ್ರೇಷ್ಠ 100 ಚಿತ್ರಗಳ ಪಟ್ಟಿಗೆ ‘ಪ್ಯಾಸಾ’ವನ್ನು ಸೇರಿಸಿತು. ವಿ.ಕೆ. ಮೂರ್ತಿ ಅವರಿಗೆ 2008ನೇ ಸಾಲಿನ ದಾದಾ ಸಾಹೇಬ್ ಫಾಲ್ಕೆ ಪ್ರಶಸ್ತಿ ಸಂದಿತು. ಆ ಗೌರವ ಪಡೆದ ಮೊದಲ ಛಾಯಾಗ್ರಾಹಕರು ಅವರು. ಕೊನೆಯ ದಿನಗಳನ್ನು ಬೆಂಗಳೂರಿನ ಶಂಕರಪುರದಲ್ಲಿ ಕಳೆದ ಮೂರ್ತಿ 2014ರ ಏಪ್ರಿಲ್ 7ರಂದು ನಿಧನರಾದರು. ಗೆಳೆಯ ಹುಟ್ಟಿ ಬಿಟ್ಟುಹೋದ ಊರಿಗೆ ಅವನ ಬೆಳಕನ್ನು ಹಿಡಿದವರು ಮರಳಿ ಬಂದಂತಾಯಿತು.

2025ರಲ್ಲಿ ಗುರುದತ್ ಜನ್ಮಶತಮಾನೋತ್ಸವ ನಡೆಯಿತು. ಹಿಂದಿ ಚಿತ್ರಗಳಲ್ಲಿ ಅವರ ಬಳಿಕವೂ ಲೆಕ್ಕವಿಲ್ಲದಷ್ಟು ಮಳೆ ಸುರಿದಿದೆ, ಕೊಡೆಗಳು ಅರಳಿವೆ, ಜೋಡಿಗಳು ಕುಣಿದಿವೆ. ಕೊಡೆಯನ್ನು ಇಬ್ಬರೂ ಹಂಚಿಕೊಳ್ಳಬಹುದು. ಕೋಟು ಹಾಗಲ್ಲ, ಕೊಟ್ಟವನು ತಾನು ನೆನೆಯಲೇಬೇಕು. ಒಲವೆಂದರೆ ಆಶ್ರಯ ಪಡೆಯುವುದಷ್ಟೇ ಅಲ್ಲ, ತನಗಿದ್ದ ಆಶ್ರಯವನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವುದೂ ಹೌದು ಎಂದು ತೋರಿಸಿದ ಆ ಮಳೆಯ ರಾತ್ರಿಗಾಗಿ ಗುರುದತ್ ಇಂದಿಗೂ ನೆನಪಾಗುತ್ತಾರೆ.